ಮರದ ಸೈಕಲ್ಲಿಗೆ ಎಷ್ಟು ಅಂಕ?

ಮರವೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಒಂದು ಬಗೆಯ ಮಮತೆ. ತೊಟ್ಟಿಲು ಮರದ್ದು, ಹಸೆಮಣೆ ಮರದ್ದು, ಕಡೆಗೋಲು ಮರದ್ದು, ಹೊಸ್ತಿಲು ಮರದ್ದು. ಸ್ಟೀಲಿನ ಪಾತ್ರೆ, ಪ್ಲಾಸ್ಟಿಕ್ಕಿನ ಕುರ್ಚಿ ಮನೆಗೆ ಎಷ್ಟೇ ಬಂದು ತುಂಬಿಕೊಳ್ಳಲಿ, ಅಜ್ಜಿಯ ಕಾಲದ ಮಣೆಯನ್ನು ಗುಜರಿಯವನಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ‘ಮರದ ಸೈಕಲ್ಲು’ ಎಂಬ ಮಾತು ಕಿವಿಗೆ ಬಿದ್ದಾಗ ಮೊದಲು ನಗು ಬಂದರೂ, ಆ ನಗುವಿನ ಹಿಂದೆಯೇ ಒಂದು ಸಣ್ಣ ಆಸೆಯೂ ಇಣುಕುವುದು ಸಹಜವೇ.

ಕಳೆದ ಹತ್ತು ಹದಿನೈದು ವರ್ಷಗಳಿಂದ ಇಂಥ ಸೈಕಲ್ಲುಗಳ ಚಿತ್ರಗಳು ಆಗಾಗ ಕಣ್ಣಿಗೆ ಬೀಳುತ್ತಿವೆ. ಫ್ರೇಮು, ಅಂದರೆ ಸೈಕಲ್ಲಿನ ಚೌಕಟ್ಟು, ಪೂರ್ತಿ ಮರ. ಕೆಲವದರಲ್ಲಿ ಹ್ಯಾಂಡಲ್ಲು, ಚಕ್ರದ ರಿಮ್ಮು ಸಹ ಮರವೇ. ಪಾಲಿಶ್ ಮಾಡಿದ ವೀಣೆಯ ಹಾಗೆ ಮಿರಮಿರ ಮಿಂಚುತ್ತವೆ. ನಮ್ಮ ಸ್ಟಾಫ್ ರೂಮಿನಲ್ಲಿ ಅಂಥದೊಂದು ಚಿತ್ರ ಕೈಯಿಂದ ಕೈಗೆ ಹೋದಾಗ ಡ್ರಾಯಿಂಗ್ ಮೇಷ್ಟ್ರು ‘ಇದು ಕಲೆ’ ಎಂದರು. ವಿಜ್ಞಾನದ ಟೀಚರು ‘ಪರಿಸರಕ್ಕೆ ಒಳ್ಳೆಯದು’ ಎಂದರು. ಜವಾನ ಮಾತ್ರ ಒಂದು ಗಳಿಗೆ ನೋಡಿ, ‘ಮಳೆಗಾಲಕ್ಕೆ ಏನು ಮಾಡ್ತಾರಂತೆ?’ ಎಂದು ಕೇಳಿ ಗಂಟೆ ಹೊಡೆಯಲು ಹೊರಟುಹೋದ. ಅಂದದ ಪ್ರಶ್ನೆ, ಪರಿಸರದ ಪ್ರಶ್ನೆ, ಬಾಳಿಕೆಯ ಪ್ರಶ್ನೆ ಮೂರೂ ಅಲ್ಲಿ ಒಟ್ಟಿಗೆ ಬಂದುಬಿಟ್ಟವು. ಮೊದಲಿನ ಎರಡರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮೂರನೆಯದರ ಬಗ್ಗೆ ಬರೆಯುವವರು ಕಡಿಮೆ.

ಇಪ್ಪತ್ತೆಂಟು ವರ್ಷ ಉತ್ತರ ಪತ್ರಿಕೆ ತಿದ್ದಿದ ಕೈ ನನ್ನದು. ಅಕ್ಷರ ಮುತ್ತು ಪೋಣಿಸಿದ ಹಾಗಿದ್ದರೆ ಮನಸ್ಸು ಮೊದಲೇ ಕರಗುತ್ತದೆ, ಆದರೆ ಲೆಕ್ಕದ ಉತ್ತರ ತಪ್ಪಿದ್ದರೆ ಅಕ್ಷರ ನೋಡಿ ಅಂಕ ಕೊಡಲಾಗುವುದಿಲ್ಲ. ಮರದ ಸೈಕಲ್ಲನ್ನೂ ಹಾಗೆಯೇ ನೋಡಬೇಕು ಎಂದು ನನ್ನ ಅಭಿಪ್ರಾಯ. ಅಕ್ಷರಕ್ಕೆ ಬೇರೆ ಅಂಕ, ಲೆಕ್ಕಕ್ಕೆ ಬೇರೆ ಅಂಕ.

ಮೊದಲು ಒಂದು ಮಾತು ನೆನಪಿಡಬೇಕು. ಮರದ ಸೈಕಲ್ಲು ಇಂದಿನ ಶೋಕಿಯಲ್ಲ. ಸೈಕಲ್ಲು ಹುಟ್ಟಿದ್ದೇ ಮರದಲ್ಲಿ. ಜರ್ಮನಿಯ ಬೇಡನ್ ಸೀಮೆಯ ಕಾರ್ಲ್ ಫಾನ್ ಡ್ರೈಸ್ ಎಂಬಾತ 1817ರ ಜೂನ್ 12ರಂದು ಮಾನ್‌ಹೈಮ್ ಪಟ್ಟಣದಿಂದ ಎರಡು ಚಕ್ರದ ಮರದ ಗಾಡಿಯೊಂದರ ಮೇಲೆ ಕುಳಿತು ಹೊರಟ. ಹೋಗಿ ಬಂದದ್ದು ಸುಮಾರು 14 ಕಿಲೋಮೀಟರು, ಹಿಡಿದ ಸಮಯ ಒಂದು ಗಂಟೆಯ ಆಸುಪಾಸು. ಆ ಗಾಡಿಗೆ ಪೆಡಲ್ ಇರಲಿಲ್ಲ, ಚೈನು ಇರಲಿಲ್ಲ. ಸವಾರ ಎರಡೂ ಕಾಲಿನಿಂದ ನೆಲವನ್ನು ಒದ್ದು ಒದ್ದು ಮುಂದೆ ಹೋಗಬೇಕಿತ್ತು. ತೂಕ ಸುಮಾರು 22 ಕಿಲೋ. ಡ್ರೈಸ್ ಕೆಲಸದಲ್ಲಿ ಅರಣ್ಯಾಧಿಕಾರಿ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಮರದ ಗುಣ ಬಲ್ಲವನು ಮರದಿಂದಲೇ ಗಾಡಿ ಮಾಡಿದ.

ಆತ ಆಗ ಅದನ್ನು ಯಾಕೆ ಮಾಡಿದ ಎಂಬುದಕ್ಕೆ ವಿದ್ವಾಂಸರಲ್ಲಿ ಒಂದು ವಾದವಿದೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಹೊಗೆ ಆಕಾಶವನ್ನೆಲ್ಲ ಮುಸುಕಿ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೆಟ್ಟಿತು, ಕುದುರೆಗೆ ಹಾಕುವ ಓಟ್ಸ್ ಧಾನ್ಯ ತುಟ್ಟಿಯಾಯಿತು. ಆಗ ಮೇವು ಬೇಡದ ಕುದುರೆಯ ಯೋಚನೆ ಹುಟ್ಟಿತು ಎನ್ನುತ್ತಾರೆ. ಎಲ್ಲರೂ ಈ ವಾದವನ್ನು ಒಪ್ಪುವುದಿಲ್ಲ. ಆದರೂ ಎಲ್ಲೋ ಒಂದು ಬೆಟ್ಟ ಉರಿದರೆ ಇನ್ನೆಲ್ಲೋ ಒಂದು ಸೈಕಲ್ಲು ಹುಟ್ಟುತ್ತದೆ ಎಂಬ ಮಾತನ್ನು ಮಕ್ಕಳಿಗೆ ಹೇಳಿದರೆ ಭೂಗೋಳದ ಪಾಠ ಮರೆಯುವುದಿಲ್ಲ.

ಹೆಂಗಸರ ಹೆಸರು ಈ ಕಥೆಯಲ್ಲಿ ಬಹಳ ಬೇಗ ಬರುತ್ತದೆ. ಲಂಡನ್ನಿನ ಗಾಡಿ ಕಟ್ಟುವ ಡೆನಿಸ್ ಜಾನ್ಸನ್ ಡ್ರೈಸನ ಯಂತ್ರವನ್ನು ಸುಧಾರಿಸಿ ಮಾರಾಟಕ್ಕಿಟ್ಟು, 1819ರಲ್ಲಿ ಹೆಂಗಸರಿಗೆಂದೇ ನಡುಭಾಗ ತಗ್ಗಿಸಿದ ಒಂದು ಮಾದರಿಯನ್ನೂ ಮಾಡಿದ. ಉದ್ದ ಲಂಗ ತೊಟ್ಟವರು ಕಾಲೆತ್ತಿ ಹಾಯಿಸದೆ ಏರಬಹುದಾದ ಗಾಡಿ. ನಾವು ಇಂದು ‘ಲೇಡೀಸ್ ಸೈಕಲ್’ ಎನ್ನುತ್ತೇವಲ್ಲ, ಅದರ ಮುತ್ತಜ್ಜಿ ಇದು. ಈ ಮುತ್ತಜ್ಜಿಯ ಮಾತು ಮುಂದೆ ಮತ್ತೆ ಬರುತ್ತದೆ.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಬಂತು, ಚೌಕಟ್ಟು ಕಬ್ಬಿಣಕ್ಕೆ ತಿರುಗಿತು. ಚಕ್ರ ಮಾತ್ರ ಇನ್ನೂ ಮರದ್ದೇ, ಅದರ ಸುತ್ತ ಎತ್ತಿನ ಗಾಡಿಗೆ ಇದ್ದಂತೆ ಕಬ್ಬಿಣದ ಪಟ್ಟಿ. ಕಲ್ಲು ಹಾಸಿದ ಬೀದಿಯಲ್ಲಿ ಅದರ ಮೇಲೆ ಕುಳಿತವರ ಪಾಡು ಹೇಳತೀರದು. ಇಂಗ್ಲಿಷರು ಅದಕ್ಕೆ ‘ಎಲುಬು ಅಲುಗಿಸುವ ಗಾಡಿ’ ಎಂದೇ ಹೆಸರಿಟ್ಟರು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಎಂಬ ಸೈಕಲ್ಲನ್ನು ತಂದ. ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟು ಪಡೆದ. ಅಲ್ಲಿಗೆ ನಾವು ಇಂದು ಕಾಣುವ ಸೈಕಲ್ಲು ಮುಕ್ಕಾಲುಪಾಲು ಸಿದ್ಧವಾಯಿತು. ಚೌಕಟ್ಟಿಗೆ ಉಕ್ಕಿನ ಕೊಳವೆ ನಿಂತಿತು.

ಉಕ್ಕು ಗೆದ್ದದ್ದು ಮರಕ್ಕೆ ಶಕ್ತಿ ಇಲ್ಲವೆಂದಲ್ಲ. ಉಕ್ಕಿನ ಕೊಳವೆಯನ್ನು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಒಂದೇ ಅಳತೆಗೆ ಎಳೆಯಬಹುದು, ಬೆಸೆಯಬಹುದು. ಮರ ಹಾಗಲ್ಲ. ಒಂದೇ ಮರದ ಎರಡು ಹಲಗೆ ಒಂದೇ ತರ ಇರುವುದಿಲ್ಲ. ಒಂದರಲ್ಲಿ ಗಂಟು, ಇನ್ನೊಂದರಲ್ಲಿ ಸೀಳು. ಕಾರ್ಖಾನೆಗೆ ಬೇಕಾದದ್ದು ಒಂದೇ ಯೂನಿಫಾರಂ ತೊಟ್ಟ ಮಕ್ಕಳು. ಮರವೋ, ಒಬ್ಬೊಬ್ಬರೂ ಒಂದೊಂದು ಸ್ವಭಾವದವರು. ಆದರೂ ಮರ ಸುಲಭವಾಗಿ ಬಿಟ್ಟುಕೊಡಲಿಲ್ಲ. 1890ರ ದಶಕದಲ್ಲಿ ಅಮೆರಿಕದ ಷಿಕಾಗೋದಲ್ಲಿ ಹಿಕರಿ ಎಂಬ ಗಟ್ಟಿ ಮರದ ಪದರಗಳನ್ನು ಬಗ್ಗಿಸಿ ಅಂಟಿಸಿದ ಸೈಕಲ್ಲು ಬಂತು, ಇಂಗ್ಲೆಂಡಿನಲ್ಲಿ ಬಿದಿರಿನ ಸೈಕಲ್ಲು ಬಂತು. ಮರದ ರಿಮ್ಮು ಪಂದ್ಯದ ಸೈಕಲ್ಲುಗಳಲ್ಲಿ ಅದರ ನಂತರವೂ ಎಷ್ಟೋ ವರ್ಷ ಓಡಿತು.

ಈಗ ಅಕ್ಷರದ ಅಂಕಕ್ಕೆ ಬರೋಣ. ಇದರಲ್ಲಿ ನಾನು ಜಿಪುಣತನ ಮಾಡುವುದಿಲ್ಲ.

ಜಪಾನಿನ ಟೋಕಿಯೋದಲ್ಲಿ ತಲೆತಲಾಂತರದಿಂದ ಮರದ ದೋಣಿ ಕಟ್ಟುವ ಮನೆತನದ ಸುಯೆಶಿರೊ ಸಾನೋ ಎಂಬವರು ಮಹಾಗನಿ ಮರದಲ್ಲಿ ಸೈಕಲ್ಲು ಮಾಡುತ್ತಾರೆ. ದೋಣಿಯ ಹೊಟ್ಟೆಯನ್ನು ಬಾಗಿಸುವ ವಿದ್ಯೆಯನ್ನೇ ಸೈಕಲ್ಲಿನ ಮೈಗೆ ತಂದಿದ್ದಾರೆ. ಅದರ ಚಿತ್ರ ನೋಡಿದರೆ ಎಲ್ಲಿ ಒಂದು ತುಂಡು ಮುಗಿದು ಇನ್ನೊಂದು ಆರಂಭವಾಯಿತು ಎಂದು ಕಣ್ಣು ಹುಡುಕಿ ಸೋಲುತ್ತದೆ. ಅಮೆರಿಕದ ಪೋರ್ಟ್‌ಲೆಂಡ್ ನಗರದ ರೆನೊವೊ ಎಂಬ ಕಂಪನಿ 2007ರಿಂದ ಒಳಗೆ ಟೊಳ್ಳು ಕೊರೆದ ಮರದ ಚೌಕಟ್ಟುಗಳನ್ನು ಮಾಡುತ್ತಿತ್ತು. ಎರಡು ಅರ್ಧಗಳನ್ನು ಬೇರೆ ಬೇರೆ ಕೊರೆದು ಕೂಡಿಸುವುದು ಅವರ ಕ್ರಮ, ನಮ್ಮ ತಂಬೂರಿಯ ಬುರುಡೆ ಟೊಳ್ಳಾಗಿದ್ದೂ ಗಟ್ಟಿಯಾಗಿರುವ ಹಾಗೆ. ಆ ಕಂಪನಿ 2018ರಲ್ಲಿ ಮುಚ್ಚಿತು. ನೆದರ್‌ಲ್ಯಾಂಡ್ಸಿನಲ್ಲಿ ಪ್ಲೈವುಡ್ಡಿನ ಎರಡು ಹಾಳೆಗಳ ನಡುವೆ ಲೋಹದ ಬಿಡಿಭಾಗ ಸಿಕ್ಕಿಸಿ, ಪೆಟ್ಟಿಗೆಯಲ್ಲಿ ಮನೆಗೆ ಕಳಿಸಿ, ಕೊಂಡವರೇ ಜೋಡಿಸಿಕೊಳ್ಳುವಂಥ ಸೈಕಲ್ಲೂ ಬಂದಿದೆ.

ಇವನ್ನು ಮೆಚ್ಚುವವರು ಹೇಳುವ ಮುಖ್ಯ ಮಾತು, ಮರ ಅದುರನ್ನು ನುಂಗುತ್ತದೆ ಎಂಬುದು. ಇದು ಸುಳ್ಳಲ್ಲ. ಕಬ್ಬಿಣದ ಸರಳನ್ನು ಕಲ್ಲಿಗೆ ಹೊಡೆದರೆ ಕೈ ಜುಮ್ಮೆನ್ನುತ್ತದೆ. ಒನಕೆಯಿಂದ ಕುಟ್ಟಿದರೆ ಅಷ್ಟು ಜುಮ್ಮೆನ್ನುವುದಿಲ್ಲ. ಕೊಡಲಿಗೂ ಗುದ್ದಲಿಗೂ ನಮ್ಮ ರೈತರು ಮರದ ಕಾವನ್ನೇ ಹಾಕುವುದು ಸುಮ್ಮನೆ ಅಲ್ಲ. ಆದರೆ ಸೈಕಲ್ಲಿನಲ್ಲಿ ಅದುರನ್ನು ಹೆಚ್ಚು ನುಂಗುವುದು ಚೌಕಟ್ಟಲ್ಲ, ಡನ್‌ಲಪ್‌ನ ಟಯರಿನೊಳಗಿನ ಗಾಳಿ ಮತ್ತು ಸೀಟಿನ ಕೆಳಗಿನ ಸ್ಪ್ರಿಂಗು. ಗಾಳಿ ಇಳಿದ ಟಯರಿನ ಮೇಲೆ ಹೊನ್ನೆಯ ಚೌಕಟ್ಟು ಇಟ್ಟರೂ ಬೆನ್ನು ನೋಯುವುದು ತಪ್ಪದು. ಆದ್ದರಿಂದ ಈ ಒಂದು ಗುಣಕ್ಕೆ ಅರ್ಧ ಅಂಕ ಮಾತ್ರ.

ಇನ್ನೊಂದು ಮಾತು, ಮರ ಬಲವಾದ ವಸ್ತು ಎಂಬುದು. ಇದು ಪೂರ್ತಿ ನಿಜ, ಆದರೆ ಒಂದು ಷರತ್ತಿನ ಮೇಲೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ‘ಮಾಸ್ಕಿಟೊ’ ಎಂಬ ಯುದ್ಧವಿಮಾನವನ್ನು ಮರದಿಂದಲೇ ಮಾಡಿದರು. ಅದು ಮೊದಲು ಹಾರಿದ್ದು 1940ರ ನವೆಂಬರ್‌ನಲ್ಲಿ. ಬರ್ಚ್ ಮರದ ತೆಳು ಹಾಳೆಗಳ ನಡುವೆ ಹಗುರವಾದ ಬಾಲ್ಸಾ ಮರ ಇಟ್ಟು ಅಂಟಿಸಿದ ಮೈ. ಕುರ್ಚಿ ಮೇಜು ಮಾಡುವವರು, ಪಿಯಾನೋ ಮಾಡುವವರು ಅದರ ಭಾಗಗಳನ್ನು ತಯಾರಿಸಿದರು. ಆ ಕಾಲದ ಅತಿ ವೇಗದ ವಿಮಾನಗಳಲ್ಲಿ ಅದೂ ಒಂದು. ಹೀಗಿರುವಾಗ ಮರದ ಸೈಕಲ್ಲು ಒಬ್ಬ ಮನುಷ್ಯನ ಭಾರ ಹೊರಲಾರದು ಎನ್ನುವುದು ಮೂರ್ಖತನ.

ಷರತ್ತು ಎಂದೆನಲ್ಲ, ಅದೂ ಈ ವಿಮಾನದ ಕಥೆಯಲ್ಲೇ ಇದೆ, ಅದರಲ್ಲೂ ನಮ್ಮ ದೇಶದಲ್ಲೇ ನಡೆದದ್ದು. 1944ರಲ್ಲಿ ಭಾರತ ಮತ್ತು ಬರ್ಮಾ ಕಡೆಗೆ ಕಳಿಸಿದ್ದ ಈ ವಿಮಾನಗಳಲ್ಲಿ ಕೆಲವು ಹಾರುವಾಗಲೇ ಮುರಿದುಬಿದ್ದವು. ನೋಡಿದರೆ ರೆಕ್ಕೆಯ ಅಂಟು ಬಿಟ್ಟಿತ್ತು. ಆ ವರ್ಷದ ನವೆಂಬರ್‌ನಲ್ಲಿ ಈ ಭಾಗದ ಮಾಸ್ಕಿಟೊ ವಿಮಾನಗಳ ಹಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ನಮ್ಮ ಬಿಸಿಲು ಮಳೆಯೇ ಕಾರಣವೋ, ಅಂಟಿಸುವಾಗ ಆದ ದೋಷವೋ ಎಂಬ ವಿಚಾರಣೆ ನಡೆಯಿತು. ತಯಾರಿಕೆಯ ದೋಷವೂ ಕಂಡುಬಂತು. ಮೊದಮೊದಲು ಬಳಸಿದ್ದು ಹಾಲಿನಿಂದ ತೆಗೆಯುವ ಕೇಸಿನ್ ಎಂಬ ಅಂಟು, ಆಮೇಲೆ ಬೇರೆ ರಾಸಾಯನಿಕ ಅಂಟು ಬಂತು. ಇದರಿಂದ ನಾನು ಕಲಿತ ಪಾಠ ಇಷ್ಟೇ: ಮರದ ವಸ್ತುವಿನ ಬಾಳಿಕೆ ಮರದಲ್ಲಿಲ್ಲ, ಕೀಲಿನಲ್ಲಿದೆ.

ಈಗ ಲೆಕ್ಕದ ಅಂಕ. ನಮ್ಮ ಮನೆಗಳಲ್ಲಿ ಆಷಾಢ ಶ್ರಾವಣದ ಹೊತ್ತಿಗೆ ಬಚ್ಚಲುಮನೆಯ ಬಾಗಿಲು ಉಬ್ಬಿ, ಭುಜ ಕೊಟ್ಟು ತಳ್ಳದೆ ಮುಚ್ಚುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಅದೇ ಬಾಗಿಲು ಒಣಗಿ ಸಂದಿಯಲ್ಲಿ ಬೆಳಕು ತೂರುತ್ತದೆ. ಮರ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ, ಕುಗ್ಗುತ್ತದೆ. ಬಾಗಿಲಾದರೆ ಒಂದಿಷ್ಟು ಕೆತ್ತಿ ಹಾಕಬಹುದು. ಸೈಕಲ್ಲಿನಲ್ಲಿ ಪೆಡಲ್ಲಿನ ಅಚ್ಚು ಕೂರುವ ಜಾಗ, ಹ್ಯಾಂಡಲ್ಲು ತಿರುಗುವ ಜಾಗ, ಹಿಂದಿನ ಚಕ್ರ ಸಿಕ್ಕಿಸುವ ಜಾಗ, ಈ ಮೂರು ಕಡೆ ಮರದೊಳಗೆ ಲೋಹವನ್ನು ಕೂರಿಸಲೇಬೇಕು. ಲೋಹ ಮಳೆಗೆ ಉಬ್ಬುವುದಿಲ್ಲ, ಮರ ಉಬ್ಬುತ್ತದೆ. ಒಂದು ಹಿಗ್ಗುತ್ತದೆ, ಇನ್ನೊಂದು ಹಿಗ್ಗುವುದಿಲ್ಲ; ಸಂಸಾರದಲ್ಲಾಗಲಿ ಸೈಕಲ್ಲಿನಲ್ಲಾಗಲಿ ಇಂಥ ಕಡೆಯೇ ಬಿರುಕು ಬರುವುದು.

ಪ್ಲೈವುಡ್ಡು ಈ ಕಷ್ಟವನ್ನು ಬಹಳ ಮಟ್ಟಿಗೆ ಕಡಿಮೆ ಮಾಡಿದೆ. ಅದರಲ್ಲಿ ಒಂದು ಪದರದ ಎಳೆ ಉದ್ದಕ್ಕಿದ್ದರೆ ಅದರ ಮೇಲಿನದು ಅಡ್ಡಕ್ಕೆ. ಒಂದು ಉಬ್ಬಲು ಹೋದರೆ ಇನ್ನೊಂದು ಬಿಡುವುದಿಲ್ಲ. ಒಳ್ಳೆಯ ಅಂಟು, ಒಳ್ಳೆಯ ವಾರ್ನಿಷ್ ಇದ್ದರೆ ಮಳೆಯನ್ನು ತಡೆಯುತ್ತದೆ. ಆದರೆ ವಾರ್ನಿಷ್ ಒಂದು ಕಡೆ ಕಿತ್ತರೆ ಸಾಕು, ನೀರು ಅಲ್ಲಿಂದ ಒಳಗೆ ಇಳಿಯುತ್ತದೆ. ಸೈಕಲ್ಲು ಬೀಳದೆ ಇರುತ್ತದೆಯೇ? ಶಾಲೆಯ ಗೋಡೆಗೆ ಇಪ್ಪತ್ತು ಸೈಕಲ್ಲು ಒರಗಿಸಿ, ಮೊದಲನೆಯದಕ್ಕೆ ಒಬ್ಬ ಹುಡುಗನ ಚೀಲ ತಾಗಿದರೆ ಇಪ್ಪತ್ತೂ ಸಾಲಾಗಿ ಬೀಳುವುದನ್ನು ಕಾಣದ ಶಿಕ್ಷಕಿ ಇರಲಾರಳು. ಇನ್ನು ಗೆದ್ದಲಿನ ಮಾತು. ಮಳೆಗಾಲದಲ್ಲಿ ಹಿತ್ತಲ ಗೋಡೆಗೆ ಒರಗಿಸಿ ಮರೆತ ಮರದ ಏಣಿಯ ಗತಿ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ರಿಪೇರಿಯ ವಿಷಯ ಇನ್ನೂ ದೊಡ್ಡದು. ನಮ್ಮ ಊರುಗಳ ಸೈಕಲ್ ಶಾಪಿನವನು ಚೌಕಟ್ಟು ಬಿರುಕು ಬಿಟ್ಟರೆ ಪಕ್ಕದ ವೆಲ್ಡಿಂಗ್ ಅಂಗಡಿಗೆ ಹೋಗಿ ಹತ್ತು ನಿಮಿಷದಲ್ಲಿ ಬೆಸೆದು ತರುತ್ತಾನೆ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಸಂಜೆಯ ಹೊತ್ತಿಗೆ ಸೈಕಲ್ಲು ಓಡುತ್ತದೆ. ಟೊಳ್ಳು ಕೊರೆದ ಮರದ ಚೌಕಟ್ಟು ಒಡೆದರೆ ಅವನ ಬಳಿ ಉಪಾಯವಿಲ್ಲ. ಬಡಗಿಯ ಬಳಿಗೆ ಹೋದರೆ ‘ಅಮ್ಮಾ, ಇದು ಬಾಗಿಲಲ್ಲ’ ಎನ್ನುತ್ತಾನೆ. ತಯಾರಿಸಿದವರು ಏಳು ಸಮುದ್ರದಾಚೆ. ಕಂಪನಿ ಮುಚ್ಚಿದರೆ ಅಲ್ಲಿಗೆ ಮುಗಿಯಿತು. ಇಂಥ ವಸ್ತುವಿಗೆ ನಮ್ಮಲ್ಲಿ ಒಂದು ಮಾತಿದೆ, ಊಟಕ್ಕಿಲ್ಲದ ಉಪ್ಪಿನಕಾಯಿ.

ಪರಿಸರದ ಮಾತೂ ಅಷ್ಟೇ. ಮರ ನೆಟ್ಟರೆ ಮತ್ತೆ ಬೆಳೆಯುತ್ತದೆ, ಉಕ್ಕು ಕಾಯಿಸಲು ಕಲ್ಲಿದ್ದಲು ಬೇಕು, ನಿಜ. ಆದರೆ ಮರದ ಸೈಕಲ್ಲಿನ ಅಂಟು, ವಾರ್ನಿಷ್ ರಾಸಾಯನಿಕಗಳೇ. ಚೈನು, ಅಚ್ಚು, ಗುಂಡು, ಬ್ರೇಕು ಲೋಹದವೇ. ಹಳೆಯ ಉಕ್ಕಿನ ಸೈಕಲ್ಲನ್ನು ತೂಕಕ್ಕೆ ಹಾಕಿದರೆ ಕರಗಿಸಿ ಮತ್ತೆ ಉಕ್ಕು ಮಾಡುತ್ತಾರೆ. ಅಣ್ಣನಿಂದ ತಂಗಿಗೆ, ತಂಗಿಯಿಂದ ಪಕ್ಕದ ಮನೆಯ ಹುಡುಗನಿಗೆ ದಾಟಿ ಇಪ್ಪತ್ತು ವರ್ಷ ಓಡಿದ ಸೈಕಲ್ಲಿಗಿಂತ ಪರಿಸರಕ್ಕೆ ಒಳ್ಳೆಯ ಸೈಕಲ್ಲು ನನಗೆ ತಿಳಿದಂತೆ ಇನ್ನೊಂದಿಲ್ಲ.

ಹಿಂದೆ ಹೇಳಿದ ಮುತ್ತಜ್ಜಿಯ ಮಾತಿಗೆ ಈಗ ಬರುತ್ತೇನೆ. ಗಂಡಸರ ಸೈಕಲ್ಲಿನ ಚೌಕಟ್ಟು ತ್ರಿಕೋನಗಳಿಂದ ಆಗಿದೆ. ತ್ರಿಕೋನದ ಗುಣ ಏನೆಂದರೆ ಭಾರ ಬಿದ್ದಾಗ ಪ್ರತಿ ಕೋಲೂ ತನ್ನ ಉದ್ದಕ್ಕೇ ಎಳೆತವನ್ನೋ ಒತ್ತಡವನ್ನೋ ತಾಳುತ್ತದೆ, ಬಾಗುವ ಕೆಲಸ ಕಡಿಮೆ. ಮರದ ಬಲವೂ ಎಳೆಯ ಉದ್ದಕ್ಕೇ ಇರುವುದು. ಸೌದೆ ಸೀಳಿದವರಿಗೆಲ್ಲ ಅದು ಗೊತ್ತು. ಹಾಗಾಗಿ ಮರಕ್ಕೆ ತ್ರಿಕೋನ ಒಪ್ಪುತ್ತದೆ. ಆದರೆ ಸೀರೆಯುಟ್ಟವಳು, ಲಂಗ ತೊಟ್ಟವಳು ಏರಲೆಂದು ಮೇಲಿನ ಅಡ್ಡಕೋಲನ್ನು ತೆಗೆದರೆ ತ್ರಿಕೋನ ಮುರಿಯಿತು. ಉಳಿದ ಕೋಲು ಬಾಗುತ್ತದೆ, ತಿರುಚುತ್ತದೆ. ಉಕ್ಕಿನಲ್ಲಾದರೆ ಇನ್ನೊಂದು ಕೊಳವೆ ಸೇರಿಸಿ ಸಂಭಾಳಿಸಬಹುದು. ಮರದಲ್ಲಿ ಅದನ್ನು ತೊಲೆಯಷ್ಟು ದಪ್ಪ ಮಾಡಬೇಕು, ಕೀಲನ್ನು ಇನ್ನೂ ಬಿಗಿ ಮಾಡಬೇಕು, ತೂಕ ಏರುತ್ತದೆ. ಹೊಳೆಯುವ ಮರದ ಸೈಕಲ್ಲುಗಳ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ನಾನು ಕಂಡವುಗಳಲ್ಲಿ ಹೆಚ್ಚಿನವು ಗಂಡಸರು ಕಾಲು ಹಾಯಿಸಿ ಏರುವಂಥವು. 1819ರಲ್ಲಿ ಜಾನ್ಸನ್ನನಿಗೆ ಹೊಳೆದ ಹೆಂಗಸು ಇಂದಿನ ಈ ಕಲಾವಿದರಲ್ಲಿ ಅನೇಕರಿಗೆ ಹೊಳೆದಿಲ್ಲ.

ಇಷ್ಟು ಹೇಳಿ ಮರದ ಸೈಕಲ್ಲಿಗೆ ಸೊನ್ನೆ ಕೊಟ್ಟು ಪೆನ್ನು ಮುಚ್ಚಬಹುದಿತ್ತು. ಆದರೆ ಆಫ್ರಿಕದ ಕಾಂಗೋ ದೇಶದ ಪೂರ್ವದಲ್ಲಿ ಗೋಮಾ ಎಂಬ ಪಟ್ಟಣವಿದೆ. ಅಲ್ಲಿನ ಮರದ ಗಾಡಿಯನ್ನು ಲೆಕ್ಕಕ್ಕೆ ಹಿಡಿಯದೆ ತೀರ್ಪು ಕೊಟ್ಟರೆ ಅನ್ಯಾಯವಾಗುತ್ತದೆ.

ಅದರ ಹೆಸರು ಚುಕುಡು. ಎರಡು ಪುಟ್ಟ ಮರದ ಚಕ್ರ, ನಡುವೆ ದಪ್ಪ ಹಲಗೆ, ಮುಂದೆ ಎತ್ತಿನ ಕೊಂಬಿನಂತೆ ಚಾಚಿದ ಹ್ಯಾಂಡಲ್ಲು. ಪೆಡಲ್ ಇಲ್ಲ, ಚೈನು ಇಲ್ಲ. ಇಳಿಜಾರಿನಲ್ಲಿ ಸವಾರ ಅದರ ಮೇಲೇರಿ ಜಾರುತ್ತಾನೆ, ಸಮನೆಲದಲ್ಲಿ ಒಂದು ಕಾಲಿನಿಂದ ಒದೆಯುತ್ತಾನೆ, ಏರು ಬಂದರೆ ತಳ್ಳುತ್ತಾನೆ. ಡ್ರೈಸನ ಗಾಡಿಯ ಬಡ ನೆಂಟ ಎನ್ನಬಹುದು. ಅಲ್ಲಿ ಬೆಳೆಯುವ ನೀಲಗಿರಿ ಮುಂತಾದ ಗಟ್ಟಿ ಮರದಿಂದ ಮಾಡುತ್ತಾರೆ, ಚಕ್ರದ ಸುತ್ತ ಹಳೆಯ ಟಯರಿನ ರಬ್ಬರು ಹೊಡೆಯುತ್ತಾರೆ. ಬಾಚಿ, ಉಳಿ, ಗರಗಸ ಇದ್ದವರು ಎರಡು ಮೂರು ದಿನದಲ್ಲಿ ಒಂದನ್ನು ಮುಗಿಸುತ್ತಾರೆ. ಆಲೂಗಡ್ಡೆ, ಕೋಸು, ಇದ್ದಿಲು, ಸಿಮೆಂಟು ಎಲ್ಲವನ್ನೂ ಅದರ ಮೇಲೆ ಹೇರುತ್ತಾರೆ. ನಾಲ್ಕೈದು ಕ್ವಿಂಟಲ್ ಹೊರುವ ಚುಕುಡುಗಳಿವೆ. 2009ರಲ್ಲಿ ಗೋಮಾದ ವೃತ್ತದಲ್ಲಿ ಚುಕುಡು ತಳ್ಳುವವನ ಚಿನ್ನದ ಬಣ್ಣದ ಪ್ರತಿಮೆಯನ್ನೇ ನಿಲ್ಲಿಸಿದರು. ಹಲವು ವರ್ಷಗಳ ಯುದ್ಧ, 2002ರಲ್ಲಿ ಊರ ಮೇಲೆ ಹರಿದ ನ್ಯಿರಗೊಂಗೊ ಜ್ವಾಲಾಮುಖಿಯ ಲಾವಾ, ಎಲ್ಲವನ್ನೂ ಕಂಡ ಪಟ್ಟಣ ಅದು. ಅಲ್ಲಿ ಅನ್ನ ಹೊತ್ತು ತಂದ ಗಾಡಿಗೆ ಆ ಗೌರವ ಸಲ್ಲತಕ್ಕದ್ದೇ.

ಚುಕುಡುವಿನ ಅಕ್ಷರ ದುಂಡಗಿಲ್ಲ. ಉಳಿಯ ಗುರುತು ಹಾಗೆಯೇ ಕಾಣುತ್ತದೆ. ಎರಡು ಮೂರು ವರ್ಷಕ್ಕೆ ಹಳತಾಗುತ್ತದೆ. ಆದರೆ ಮುರಿದದ್ದನ್ನು ಮುರಿದ ಊರಿನಲ್ಲೇ, ಅದೇ ಮರದಿಂದ, ಅದೇ ಕೈಗಳು ಮತ್ತೆ ಮಾಡುತ್ತವೆ. ಉಬ್ಬಿದರೂ ಕುಗ್ಗಿದರೂ ಕೆಡುವಂಥ ನಾಜೂಕಿನ ಲೋಹದ ಕೀಲುಗಳು ಅದರಲ್ಲಿ ಕಡಿಮೆ. ಇಷ್ಟೆಂದು ಅದನ್ನು ಹಾಡಿ ಹೊಗಳಲು ಹೊರಟರೆ ಅದೂ ಸರಿಯಲ್ಲ. ಕ್ವಿಂಟಲುಗಟ್ಟಲೆ ಭಾರವನ್ನು ಗುಡ್ಡದ ಏರಿನಲ್ಲಿ ತಳ್ಳುವವನ ಎದೆ ಬಲ್ಲುದು ಅದರ ಬೆಲೆ. ಲಾರಿಯೋ ಒಳ್ಳೆಯ ರಸ್ತೆಯೋ ಸಿಕ್ಕಿದ್ದರೆ ಅವನು ಚುಕುಡುವನ್ನು ಅಪ್ಪಿಕೊಂಡು ಕೂರುತ್ತಿರಲಿಲ್ಲ. ಬಡತನದಿಂದ ಹುಟ್ಟಿದ ಉಪಾಯವನ್ನು ದೂರದಲ್ಲಿ ಕುಳಿತು ಸೌಂದರ್ಯ ಎನ್ನುವುದು ಸುಲಭ. ನಾನು ಮೆಚ್ಚುವುದು ಅದರ ಬಡತನವನ್ನಲ್ಲ, ಮಾಡುವವನೂ ಬಳಸುವವನೂ ಒಂದೇ ಊರಿನವರಾಗಿರುವುದನ್ನು.

ಇದೇ ಆಫ್ರಿಕದ ಘಾನಾ ದೇಶದ ಕುಮಾಸಿಯಲ್ಲಿ ಬರ್ನೀಸ್ ದಾಪಾ ಎಂಬ ಹೆಣ್ಣುಮಗಳು 2009ರಲ್ಲಿ ಗೆಳತಿಯರೊಂದಿಗೆ ಬಿದಿರಿನ ಸೈಕಲ್ಲಿನ ಕೆಲಸ ಆರಂಭಿಸಿದರು. ಬಿದಿರು ಮರವಲ್ಲ, ಹುಲ್ಲಿನ ಜಾತಿ. ಆದರೆ ಪ್ರಕೃತಿಯೇ ಅದನ್ನು ಕೊಳವೆಯಾಗಿ ಬೆಳೆಸಿಕೊಟ್ಟಿದೆ, ಕೊರೆಯುವ ಶ್ರಮವಿಲ್ಲ. ಕೀಲಿನ ಕಡೆ ನಾರು ಸುತ್ತಿ ಅಂಟಿನ ರಸದಲ್ಲಿ ಗಟ್ಟಿ ಮಾಡುತ್ತಾರೆ. ಹಳ್ಳಿಯ ಹೆಂಗಸರಿಗೆ ಈ ಕೆಲಸ ಕಲಿಸಿ ಸಂಬಳ ಕೊಡುತ್ತಾರೆ. ಸೈಕಲ್ಲುಗಳು ಯುರೋಪು ಅಮೆರಿಕಕ್ಕೂ ಹೋಗುತ್ತವೆ. ಇಲ್ಲಿ ಸೈಕಲ್ಲಿನ ಚೌಕಟ್ಟಿಗಿಂತ ಹೆಚ್ಚಾಗಿ ಹೆಂಗಸಿನ ಕೈಗೆ ಬಂದ ಉಳಿಗೆ ನನ್ನ ಅಂಕ. ಸೈಕಲ್ಲು ಏರುವ ಹೆಣ್ಣನ್ನು ಲೋಕ ಹೇಗೋ ಒಪ್ಪಿಕೊಂಡಿದೆ, ಸೈಕಲ್ಲು ಕಟ್ಟುವ ಹೆಣ್ಣನ್ನು ಇನ್ನೂ ಬೆರಗಿನಿಂದಲೇ ನೋಡುತ್ತದೆ.

ನಮ್ಮಲ್ಲೂ ಮರದ ಸೈಕಲ್ಲಿನ ಪ್ರಯತ್ನಗಳು ನಡೆದಿವೆ. 2020ರ ಲಾಕ್‌ಡೌನ್ ದಿನಗಳಲ್ಲಿ ಪಂಜಾಬಿನ ಝಿರಕ್‌ಪುರದ ಬಡಗಿಯೊಬ್ಬರು ಕೆಲಸವಿಲ್ಲದೆ ಮನೆಯಲ್ಲಿ ಕುಳಿತಾಗ ಪ್ಲೈವುಡ್ಡಿನಲ್ಲಿ ಸೈಕಲ್ಲು ಮಾಡಿದರು. ಹಳೆಯ ಸೈಕಲ್ಲಿನ ಪೆಡಲ್, ಚೈನುಗಳನ್ನು ಅದಕ್ಕೆ ಹೊಂದಿಸಿದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಕೊಳ್ಳುವವರೂ ಬಂದರು. ಬಡಗಿಯ ಕೈಗೆ ಮರ ಸಿಕ್ಕಾಗ ಏನಾಗಬಹುದು ಎಂಬುದಕ್ಕೆ ಇದು ಚೆನ್ನಾದ ಉದಾಹರಣೆ. ನಮ್ಮ ಚನ್ನಪಟ್ಟಣದವರು ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ ಆಟದ ಗಾಡಿ ಎಷ್ಟು ಮನೆಯಲ್ಲಿಲ್ಲ? ಮಗು ಹಿಡಿದು ನಡೆಯಲು ಕಲಿಯುವ ಮರದ ಮೂರು ಚಕ್ರದ ಗಾಡಿಯನ್ನು ಮರೆತ ತಾಯಿ ಇದ್ದಾಳೆಯೇ? ನಡೆಯಲು ಕಲಿಸಿದ್ದು ಮರದ ಚಕ್ರವೇ ಎಂದು ಹೆಮ್ಮೆಪಡಬಹುದು. ಆದರೆ ಆ ಗಾಡಿ ಓಡುವುದು ಮನೆಯ ಒಳಗೆ, ಮಳೆ ಬೀಳದ ಕಡೆ.

ಮನೆಯ ಹೊರಗೆ ಓಡಬೇಕಾದ ಸೈಕಲ್ಲಿನ ಕಥೆಯೇ ಬೇರೆ. ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ಲು ಕಲಿಸಿದರು. ಆಗಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅದಕ್ಕೆ ಬೆನ್ನೆಲುಬಾಗಿ ನಿಂತರು. ಕೂಲಿ ಹೆಂಗಸರು, ಕಲ್ಲು ಒಡೆಯುವವರು, ಅಂಗನವಾಡಿಯವರು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಪತ್ರಕರ್ತ ಪಿ. ಸಾಯಿನಾಥ್ ಆ ಬಗ್ಗೆ ಬರೆದದ್ದರಲ್ಲಿ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ಲೇಡೀಸ್ ಸೈಕಲ್ಲು ಸಿಗದೆ ಗಂಡಸರ ಸೈಕಲ್ಲು ಕೊಂಡ ಹೆಂಗಸರಲ್ಲಿ ಕೆಲವರು ಅದೇ ಒಳ್ಳೆಯದು ಎಂದರಂತೆ, ಯಾಕೆಂದರೆ ಮೇಲಿನ ಅಡ್ಡಕೋಲಿನ ಮೇಲೆ ಮಗುವನ್ನು ಕೂರಿಸಬಹುದು. ನೋಡಿ, ಸೈಕಲ್ಲಿನ ವಿಮರ್ಶೆ ಎಂದರೆ ಅದು! ಅವರು ಅದರ ಬಣ್ಣ ನೋಡಲಿಲ್ಲ, ಮಗುವಿಗೆ ಎಲ್ಲಿ ಜಾಗ ಎಂದು ನೋಡಿದರು.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಹಲವು ವರ್ಷ ಉಚಿತವಾಗಿ ಸೈಕಲ್ಲು ಕೊಟ್ಟರು. ಆ ಸೈಕಲ್ಲುಗಳಿಗೆ ಯಾವ ಕಲಾವಿದನೂ ಅಂಕ ಕೊಡಲಾರ. ಬ್ರೇಕು ಕಿರುಗುಟ್ಟುತ್ತಿತ್ತು, ಬುಟ್ಟಿ ಓರೆಯಾಗಿರುತ್ತಿತ್ತು. ಆದರೆ ಐದಾರು ಕಿಲೋಮೀಟರು ದೂರದ ಹಳ್ಳಿಯಿಂದ ಬರುವ ಹೆಣ್ಣುಮಕ್ಕಳು ಬಸ್ಸು ತಪ್ಪಿತೆಂದು ಮನೆಯಲ್ಲಿ ಉಳಿಯುವುದು ನನ್ನ ತರಗತಿಯಲ್ಲಿ ಕಡಿಮೆಯಾದದ್ದನ್ನು ಹಾಜರಿ ಪುಸ್ತಕದಲ್ಲಿ ನಾನೇ ಕಂಡಿದ್ದೇನೆ. ಏಳನೇ ತರಗತಿಗೇ ಶಾಲೆ ಬಿಡಿಸಬೇಕೆಂದಿದ್ದ ತಂದೆಯೊಬ್ಬರು, ‘ಸೈಕಲ್ಲು ಇದೆಯಲ್ಲ, ಹೋಗಲಿ ಬಿಡಿ’ ಎಂದದ್ದನ್ನು ಕೇಳಿದ್ದೇನೆ. ಒಂದು ವಸ್ತು ಒಂದು ಹುಡುಗಿಯ ಮೂರು ವರ್ಷವನ್ನು ಉಳಿಸಿಕೊಟ್ಟರೆ ಅದಕ್ಕಿಂತ ಹೆಚ್ಚಿನ ಅಂದ ಯಾವುದು?

ಹಾಗಾದರೆ ಮರದ ಸೈಕಲ್ಲಿಗೆ ಎಷ್ಟು ಅಂಕ? ಮಹಾಗನಿಯ ಸೈಕಲ್ಲಿಗೆ ಅಕ್ಷರದಲ್ಲಿ ನೂರಕ್ಕೆ ನೂರು, ಲೆಕ್ಕದಲ್ಲಿ ಅದು ಅನುತ್ತೀರ್ಣ. ಚುಕುಡುವಿಗೆ ಅಕ್ಷರದಲ್ಲಿ ನಲವತ್ತು, ಲೆಕ್ಕದಲ್ಲಿ ಪ್ರಥಮ ದರ್ಜೆ. ಕುಮಾಸಿಯ ಬಿದಿರಿಗೆ ಎರಡರಲ್ಲೂ ದ್ವಿತೀಯ ದರ್ಜೆ, ಜೊತೆಗೆ ಹೆಂಗಸರ ಕೈಕೆಲಸಕ್ಕೆ ಒಂದು ವಿಶೇಷ ಬಹುಮಾನ. ಮರ ಒಳ್ಳೆಯದೋ ಉಕ್ಕು ಒಳ್ಳೆಯದೋ ಎಂಬುದು ಸರಿಯಾದ ಪ್ರಶ್ನೆಯೇ ಅಲ್ಲ. ಯಾರ ದಾರಿಗೆ, ಯಾರ ಮೈಗೆ, ಯಾರ ಜೇಬಿಗೆ ಎಂಬುದೇ ಪ್ರಶ್ನೆ.

ನಾಳೆ ನಿಮ್ಮ ಊರಿನ ಬಡಗಿಯೋ, ದೊಡ್ಡ ನಗರದ ಅಂಗಡಿಯವನೋ ಮರದ ಸೈಕಲ್ಲನ್ನು ನಿಮ್ಮ ಮುಂದೆ ನಿಲ್ಲಿಸಿದರೆ ಅದರ ಮೈ ಸವರಿ ಖುಷಿಪಡಿ, ಅದರಲ್ಲಿ ತಪ್ಪಿಲ್ಲ. ಆಮೇಲೆ ಮೂರು ಪ್ರಶ್ನೆ ಕೇಳಿ. ಒಂದು ರಾತ್ರಿ ಮಳೆಯಲ್ಲಿ ಹೊರಗೆ ನಿಂತರೆ ಏನಾಗುತ್ತದೆ? ಮುರಿದರೆ ಈ ಊರಿನಲ್ಲಿ ಯಾರು ಸರಿ ಮಾಡುತ್ತಾರೆ? ಸೀರೆಯುಟ್ಟವಳು ಹಿಂದೆ ಮಗುವನ್ನೋ, ಮುಂದೆ ಸಂತೆಯ ಚೀಲವನ್ನೋ ಇಟ್ಟುಕೊಂಡು ಇದನ್ನು ಏರಬಹುದೇ? ಮೂರಕ್ಕೂ ನೇರವಾದ ಉತ್ತರ ಬಂದರೆ ಧಾರಾಳವಾಗಿ ಕೊಳ್ಳಿ, ಅದು ಮರದ್ದಾದರೂ ಸರಿ. ಉತ್ತರ ಬರದಿದ್ದರೆ, ಹಾಲಿನಲ್ಲಿ ವೀಣೆಯ ಪಕ್ಕ ನಿಲ್ಲಿಸಲು ಜಾಗವಿದ್ದವರು ಕೊಳ್ಳಲಿ. ನಮ್ಮ ಹುಡುಗಿಯರಿಗೆ ಬೆಳಗ್ಗೆ ಒಂಬತ್ತೂವರೆಗೆ ಶಾಲೆ ತಲುಪಬೇಕಾಗಿದೆ.